ನಿಂತ ಕಾರಿನ ಬಿಸಿ ಬಾನೆಟ್

೨೦೦೬ರ ನವೆಂಬರ್ ೨೬, ಭಾನುವಾರ, ಬೆಳಗ್ಗೆ ಆರೂ ಹತ್ತು. ಮಾರೇನಹಳ್ಳಿಯಲ್ಲಿ ನಮ್ಮ ಸೋದರಮಾವನ ಮನೆಯ ಶೆಡ್ಡಿನಲ್ಲಿ ಅಪ್ಪ ಕಾರಿನ ಕೀ ತಿರುಗಿಸಿದರು. ಟಿಕ್ ಎಂದಿತು, ಅಷ್ಟೇ. ಇನ್ನೊಮ್ಮೆ ತಿರುಗಿಸಿದರು. ಟಿಕ್ ಎನ್ನುವುದೂ ನಿಂತುಹೋಯಿತು. ರಾಜಾಜಿನಗರದಲ್ಲಿ ಮದುಮಗ ಪೇಟ ಕಟ್ಟಿಕೊಂಡು ಕಾಯುತ್ತಿದ್ದ. ಎಂಟೂವರೆಗೆ ಕೆಂಗೇರಿಯ ಛತ್ರದಲ್ಲಿ ಮುಹೂರ್ತ. ಪಕ್ಕದ ರಸ್ತೆಯ ಹಾಲಿನ ವ್ಯಾನಿನವನನ್ನು ಕರೆತಂದು, ಅವನ ಬ್ಯಾಟರಿಯಿಂದ ವೈರ್ ಎಳೆದು ಕಾರನ್ನು ಎಬ್ಬಿಸುವ ಹೊತ್ತಿಗೆ ಏಳು ಗಂಟೆಯಾಗಿತ್ತು. ಮದುಮಗ ಹೇಗೋ ಸಮಯಕ್ಕೆ ತಲುಪಿದ. ಆ ರಾತ್ರಿ ಕಾರು ಬ್ಯಾಟರಿ ಚಾರ್ಜಿಗೆಂದು ಗ್ಯಾರೇಜಿನಲ್ಲೇ ಉಳಿಯಿತು. ನನ್ನ ಡೈರಿಯಲ್ಲಿ ಆ ದಿನದ ಪುಟದಲ್ಲಿ ‘ಕಾರು ಕೆಟ್ಟಿತ್ತು, ಸರಿಹೋಯಿತು’ ಎಂದಿದೆ. ಎರಡನೆಯ ಮಾತು ಸುಳ್ಳಾಯಿತು.

ಮಾವನದು ವಿಜಯನಗರದಲ್ಲಿ ಶಾಮಿಯಾನದ ಅಂಗಡಿ. ಕುರ್ಚಿ, ಪಾತ್ರೆ, ಮಂಟಪ ಎಲ್ಲವನ್ನೂ ಬಾಡಿಗೆಗೆ ಕೊಡುವವನು. ಆ ವರ್ಷ ಮದ್ರಾಸಿನ ಒಂದು ಹರಾಜಿನಲ್ಲಿ, ಯಾವುದೋ ವಿದೇಶೀ ಕಚೇರಿಯವರು ಬಳಸಿ ಬಿಟ್ಟ ಉದ್ದನೆಯ ಕಪ್ಪು ಡೀಸೆಲ್ ಕಾರನ್ನು ಕೊಂಡು ತಂದ. ಮದುಮಗನನ್ನು ಛತ್ರಕ್ಕೆ ಕರೆತರಲು ಅದನ್ನು ಬಾಡಿಗೆಗೆ ಬಿಡುವುದು ಅವನ ಯೋಚನೆ. ಅಪ್ಪ ಕೆಲಸ ಮಾಡುತ್ತಿದ್ದ ಕಾರ್ಖಾನೆ ತನ್ನ ಬಸ್ಸುಗಳನ್ನು ಮಾರಿ ಚಾಲಕರನ್ನು ಮನೆಗೆ ಕಳಿಸಿತ್ತು. "ಹೊರಗಿನವ್ರು ಯಾಕೆ ಭಾವ, ಮನೆಯವ್ರೇ ಇದ್ರೆ ನಂಬಿಕೆ" ಎಂದು ಮಾವನೇ ಬಂದು ಕರೆದ. ಅಮ್ಮ ಅಂದು ಪಾಯಸ ಮಾಡಿದ್ದಳು, ತಮ್ಮನಿಗೆ ಎರಡು ಸಲ ಬಡಿಸಿದಳು.

ಆಯುಧಪೂಜೆಯ ದಿನ ಕಾರಿಗೆ ವಿಭೂತಿ ಬಳಿದು, ಕುಂಬಳಕಾಯಿ ಒಡೆದು, ಡ್ಯಾಶ್‌ಬೋರ್ಡಿನ ಮೇಲೆ ಒಂದು ಪುಟ್ಟ ಶಿವಲಿಂಗವನ್ನು ಕೂರಿಸಿದರು. ಅದರ ಪೀಠದಲ್ಲಿ ಕೆಂಪು ಬಲ್ಬು. ಮಾಗಡಿ ರಸ್ತೆಯಿಂದ ಕರೆಸಿದ್ದ ಎಲೆಕ್ಟ್ರಿಷಿಯನ್‌ಗೆ ಮಾವ ಒಂದೇ ಮಾತು ಹೇಳಿದ: "ಕೀ ತೆಗೆದ್ರೂ ದೀಪ ಆರ್ಬಾರ್ದು ಕಣಯ್ಯ. ದೇವ್ರನ್ನ ಕತ್ಲಲ್ಲಿ ಕೂರ್ಸಿ ನಾನು ಮನೇಲಿ ಮಲಗ್ಲಾ?" ಆತ ಡ್ಯಾಶ್‌ಬೋರ್ಡಿನ ಒಳಗೆ ಕೈ ಹಾಕಿ, ಕೀ ಇಲ್ಲದಾಗಲೂ ಕರೆಂಟು ಬರುವ ಒಂದು ವೈರನ್ನು ಹುಡುಕಿ, ಸಿಪ್ಪೆಯನ್ನು ಹಲ್ಲಿನಿಂದ ಸುಲಿದು, ಬಲ್ಬಿನ ವೈರನ್ನು ಅದಕ್ಕೆ ತಿರುಚಿ ಟೇಪು ಸುತ್ತಿದ. ನಮ್ಮ ಕಡೆ ಇದಕ್ಕೆ ‘ಡೈರೆಕ್ಟ್ ಕೊಡೋದು’ ಎನ್ನುತ್ತಾರೆ. ಹಾರ್ನಿಗೂ ಡೈರೆಕ್ಟ್, ಟೇಪ್ ರೆಕಾರ್ಡರಿಗೂ ಡೈರೆಕ್ಟ್. ದೀಪ ಹೊತ್ತಿತು. ಎಲ್ಲರೂ ಕೈಮುಗಿದೆವು, ನಾನೂ ಸೇರಿದಂತೆ. ನಾನಾಗ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಕೊನೆಯ ವರ್ಷ.

ನವೆಂಬರ್ ೩೦ರ ಬೆಳಗ್ಗೆ ಕಾರು ಮತ್ತೆ ಸತ್ತಿತ್ತು. ಮಾವ ಹೊಸ ಬ್ಯಾಟರಿ ಹಾಕಿಸಿದ. ಬ್ಯಾಟರಿಯವನಿಗಾಗಿ ಬಾನೆಟ್ ಎತ್ತುವಾಗ ಅಪ್ಪನ ಕೈಗೆ ಅದು ಬೆಚ್ಚಗೆ ತಾಗಿತು. ಹಿಂದಿನ ಸಂಜೆ ಎಂಟಕ್ಕೆ ನಿಲ್ಲಿಸಿದ ಕಾರು. ಅಪ್ಪನಿಗೆ ಒಳಗೊಂದು ಹೊರಗೊಂದು ಇಲ್ಲ. ಬೆರಗಾದದ್ದನ್ನು ಹಾಗೇ ಹೇಳಿಬಿಟ್ಟರು.

"ನೋಡಪ್ಪ ಇಲ್ಲಿ, ರಾತ್ರಿಯೆಲ್ಲಾ ನಿಂತಿದ್ರೂ ಎಂಜಿನ್ ಬಿಸಿ ಇದೆ!"

ಮಾವ ಬಂದು ಕೈ ಇಟ್ಟು ನೋಡಿದ. ಒಳಗೆ ಕೂತು ಡೀಸೆಲ್ ಮುಳ್ಳನ್ನು ನೋಡಿದ. ನಿನ್ನೆ ಸಂಜೆ ಇದ್ದುದಕ್ಕಿಂತ ಒಂದು ಗೆರೆ ಕೆಳಗಿದೆ ಎಂದ. ಮೀಟರಿನಲ್ಲಿ ಒಂದು ಕಿಲೋಮೀಟರೂ ಹೆಚ್ಚಾಗಿರಲಿಲ್ಲ. ಅದನ್ನು ಅಪ್ಪ ತೋರಿಸಿದಾಗ ಮಾವ ನಕ್ಕ.

"ಮೀಟರ್ ಕೇಬಲ್ ಬಿಚ್ಚೋದು ಯಾವ ಡ್ರೈವರ್‌ಗೆ ಗೊತ್ತಿಲ್ಲ ಭಾವ?"

ಅದನ್ನು ತಮಾಷೆ ಎಂದುಕೊಂಡು ಅಪ್ಪನೂ ನಕ್ಕರು. ಮನೆಗೆ ಬಂದು ಅಮ್ಮನ ಮುಂದೆ ಅದನ್ನು ತಮಾಷೆಯಾಗಿಯೇ ಹೇಳಿದರು. ಅಮ್ಮ ನಗಲಿಲ್ಲ.

ಡಿಸೆಂಬರ್ ೪, ಸೋಮವಾರ. ಹೊಸ ಬ್ಯಾಟರಿಯೂ ಸತ್ತಿತ್ತು, ಬಾನೆಟ್ ಬೆಚ್ಚಗಿತ್ತು, ಮುಳ್ಳು ಇಳಿದಿತ್ತು. ಪಕ್ಕದ ಮನೆಯ ಆಂಟಿ ಕಾಂಪೌಂಡಿನ ಮೇಲಿಂದ ತಲೆ ಹಾಕಿ, ರಾತ್ರಿ ಶೆಡ್ಡಿನ ಕಡೆಯಿಂದ ಸುಯ್ ಎಂದು ಏನೋ ಓಡುವ ಸದ್ದು, ಡೀಸೆಲ್ ಹೊಗೆಯ ವಾಸನೆ ಎಂದರು. ಮಾವ ಅಪ್ಪನ ಎದುರು ಬಂದು ನಿಂತ. ನಾನು ಕಾಲೇಜಿನ ಬಸ್ಸಿಗೆ ಹೊರಟವಳು ಅಪ್ಪನಿಗೆ ತಿಂಡಿಯ ಡಬ್ಬಿ ಕೊಡಲು ಅಲ್ಲಿಗೆ ಹೋಗಿದ್ದೆ.

"ಭಾವ, ಕೈ ತೋರ್ಸಿ."

ಅಪ್ಪನಿಗೆ ಅರ್ಥವಾಗಲಿಲ್ಲ. ಎರಡೂ ಕೈ ಮುಂದೆ ಚಾಚಿದರು. ಮಾವ ಬಗ್ಗಿ ಅಪ್ಪನ ಅಂಗೈಯನ್ನು ಮೂಸಿದ. ಟ್ಯಾಂಕಿಗೆ ಪೈಪು ಇಳಿಬಿಟ್ಟು ಬಾಯಿಂದ ಎಳೆದು ಡೀಸೆಲ್ ಕದಿಯುವವರನ್ನು ಹಿಡಿಯುವ ರೀತಿ ಅದು ಎಂದು ನನಗೆ ಆಮೇಲೆ ತಿಳಿಯಿತು. ಮೂಸಿದ ಮೇಲೆ ಮಾವ ಅಪ್ಪನ ಮುಖ ನೋಡಲಿಲ್ಲ, ನನ್ನ ಮುಖ ನೋಡಿದ. ಹೇಳಬೇಕಾದ್ದು ಅಷ್ಟರಲ್ಲೇ ಇತ್ತು.

ಸಂಜೆ ಅಮ್ಮ ತಮ್ಮನ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಕೂಗಿದಳು. "ಡೀಸೆಲ್ ಗಾಡಿ ಓಡ್ಸೋನ ಕೈಯಲ್ಲಿ ಮಲ್ಲಿಗೆ ವಾಸ್ನೆ ಬರತ್ತೇನೋ? ನಾಚ್ಕೆ ಆಗಲ್ವೇನೋ ನಿಂಗೆ, ಅಕ್ಕನ ಗಂಡನ ಕೈ ಮೂಸ್ತೀಯಾ?"

"ಅಕ್ಕ, ನಾನು ಕಳ್ಳ ಅಂದ್ನಾ? ಒಂದ್ಸಲನಾದ್ರೂ ಆ ಮಾತು ಅಂದ್ನಾ? ಡೀಸೆಲ್ ಎಲ್ಲಿಗೆ ಹೋಗತ್ತೆ, ನೀನೇ ಹೇಳು."

ಅಮ್ಮ ಅಲ್ಲಿಂದಲೇ ತಿರುಗಿ ಮನೆಗೆ ನಡೆದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಬೇರೆ ಪ್ರಶ್ನೆ ಉಳಿಯಲಿಲ್ಲ. ಅಪ್ಪ ಕದ್ದಿದ್ದಾರೋ ಇಲ್ಲವೋ ಎಂದು ನಾವು ಯಾರೂ ಕೇಳಲಿಲ್ಲ. ಕೇಳಲಿಲ್ಲ ಎಂಬುದೇ ಅಪ್ಪನಿಗೆ ಕೇಳಿಸುತ್ತಿತ್ತು. ಊಟಕ್ಕೆ ಕೂರುವ ಮುಂಚೆ ಬಟ್ಟೆ ಸೋಪಿನಲ್ಲಿ ಕೈ ಉಜ್ಜಿ ಉಜ್ಜಿ ತೊಳೆಯತೊಡಗಿದರು.

ಡಿಸೆಂಬರ್ ೧೧ರಂದು ನಾಲ್ಕನೆಯ ಸಲ. ಆ ಸಂಜೆ ನಾನು ಡೈರಿಯಿಂದ ನಾಲ್ಕೂ ದಿನಾಂಕಗಳನ್ನು ಒಂದು ಹಾಳೆಗೆ ಇಳಿಸಿ, ಮಾವನಿಗೆ ಒಯ್ದು ತೋರಿಸಿದೆ. ಕಾರು ಕೆಟ್ಟದ್ದೆಲ್ಲ ಮದುವೆ ಬಾಡಿಗೆ ಮುಗಿಸಿ ಬಂದ ಮಾರನೆಯ ಬೆಳಗ್ಗೆಯೇ. ಸುಮ್ಮನೆ ನಿಂತಿದ್ದ ದಿನಗಳಲ್ಲಿ ಒಮ್ಮೆಯೂ ಇಲ್ಲ. ಇದು ಕಾರಿನ ದೋಷ, ಮನುಷ್ಯನದಲ್ಲ ಎಂದು ತೋರಿಸುವುದು ನನ್ನ ಉದ್ದೇಶ. ಮಾವ ಹಾಳೆಯನ್ನು ನಿಧಾನವಾಗಿ ಓದಿದ.

"ಚೆನ್ನಾಗ್ ಬರ್ದಿದೀಯ ಪುಟ್ಟಿ. ಮದ್ವೆ ದಿನ ನಾನು ಟ್ಯಾಂಕ್ ಫುಲ್ ಮಾಡ್ಸಿರ್ತೀನಲ್ಲ. ಖಾಲಿ ಟ್ಯಾಂಕಲ್ಲಿ ಯಾವನು ಕೈ ಹಾಕ್ತಾನೆ?"

ಹಾಳೆಯನ್ನು ಮಡಚಿ ಜೇಬಿಗೆ ಇಟ್ಟುಕೊಂಡ. ಅದನ್ನು ಆಮೇಲೆ ಇಬ್ಬರು ನೆಂಟರಿಗೆ ತೋರಿಸಿದನಂತೆ, ‘ಭಾವನ ಮಗಳೇ ಬರೆದುಕೊಟ್ಟದ್ದು’ ಎಂದು.

ದಾರಿ ತೋರಿಸಿದ್ದು ಅಮ್ಮ. ಸಾರಿಗೆ ಒಗ್ಗರಣೆ ಹಾಕುತ್ತಾ ತನ್ನಷ್ಟಕ್ಕೆ ಬೈದುಕೊಳ್ಳುತ್ತಿದ್ದಳು: "ಆ ಪುಣ್ಯಾತ್ಮ ಧರ್ಮಸ್ಥಳಕ್ಕೆ ಹೋಗಿದ್ದಾಗ್ಲೂ ಒಂದ್ ಮದ್ವೆ ಇತ್ತಲ್ಲ. ಅವತ್ತು ಕಾರು ಬೀಗ ಎಲ್ಲಾ ಇವ್ರ ಕೈಲೇ ಇತ್ತು. ಕದಿಯೋರು ಅವತ್ತಲ್ವಾ ಕದೀಬೇಕು? ಮಾರ್ನೇ ದಿನ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು."

ಡಿಸೆಂಬರ್ ೭ರ ಮದುವೆ ಅದು. ನಾನು ಕೆಟ್ಟ ದಿನಗಳನ್ನಷ್ಟೇ ಹಾಳೆಗೆ ಇಳಿಸಿದ್ದೆ, ಕೆಡದ ಆ ಒಂದು ಮದುವೆಯನ್ನು ಬಿಟ್ಟಿದ್ದೆ. ಮಾವ ಊರಲ್ಲಿ ಇಲ್ಲದಾಗ ಕಾರು ಸರಿ ಇರುತ್ತದೆ. ಹಾಗಾದರೆ ಮದುವೆ ಮುಗಿದ ಸಂಜೆ ಮಾವ ಆ ಕಾರಿನಲ್ಲಿ ಏನು ಮಾಡುತ್ತಾನೆ?

ಮರುದಿನ ಇದನ್ನು ಕೇಳಿಯೇ ಬಿಟ್ಟೆ. ಮಾವನಿಗೆ ಸಿಟ್ಟು ನೆತ್ತಿಗೇರಿತು.

"ಓಹೋ, ಈಗ ನಂದೇ ಡೀಸೆಲ್ ನಾನೇ ಕದ್ದೆ ಅಂತಾನಾ?"

"ಅದಲ್ಲ ಮಾವ. ಒಂದ್ಸಲ ಕಾರು ಪರೀಕ್ಷೆ ಮಾಡಕ್ಕೆ ಬಿಡಿ. ಒಂದೇ ದಿನ."

"ಧನುರ್ಮಾಸ ಬರ್ಲಿ. ಮದ್ವೆ ಇರಲ್ಲ, ಕಾರು ಖಾಲಿ ಇರತ್ತೆ. ಬಿಚ್ಚಿ ಮಾತ್ರ ಹಾಕ್ಬೇಡ ತಾಯಿ."

ಡಿಸೆಂಬರ್ ೧೭, ಭಾನುವಾರ. ಕಾಲೇಜಿನ ಲ್ಯಾಬಿನಿಂದ ಮುಳ್ಳಿನ ಆಮ್ಮೀಟರ್ ಒಂದನ್ನು ಕೇಳಿ ತಂದಿದ್ದೆ. ಬ್ಯಾಟರಿಯ ಮೈನಸ್ ಕಡೆಯ ಕೇಬಲ್ ಬಿಚ್ಚಿ, ನಡುವೆ ಮೀಟರ್ ಸೇರಿಸಿದರೆ, ಕಾರು ನಿಂತಿರುವಾಗ ಎಷ್ಟು ಕರೆಂಟು ಸೋರುತ್ತಿದೆ ಎಂದು ತಿಳಿಯುತ್ತದೆ. ಮೀಟರನ್ನು ಮಡ್‌ಗಾರ್ಡಿನ ಮೇಲೆ ಇಟ್ಟೆ. ಮುಳ್ಳು ಸೊನ್ನೆಯನ್ನು ಬಿಟ್ಟು ಕೂದಲೆಳೆಯಷ್ಟು ಸರಿಯಿತು. ಅದು ಶಿವನ ದೀಪ. ದೀಪವನ್ನು ತೆಗೆದರೆ ಮುಳ್ಳು ಸೊನ್ನೆ. ಈ ಸೋರಿಕೆಗೆ ಬ್ಯಾಟರಿ ಒಂದು ರಾತ್ರಿಯಲ್ಲಿ ಸಾಯುವುದಿಲ್ಲ. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತೆ, ಹಾಕಿದೆ. ಬಾಗಿಲು ತೆರೆದೆ, ಮುಚ್ಚಿದೆ. ಡಿಕ್ಕಿಯ ದೀಪ ನೋಡಿದೆ. ಹನ್ನೊಂದೂವರೆಯಾದರೂ ಮುಳ್ಳು ಅಲ್ಲಾಡಲಿಲ್ಲ.

ಮಾವ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದ. ಅಪ್ಪ ಗೇಟಿನ ಬಳಿ ನಿಂತಿದ್ದರು, ಒಳಗೆ ಬಂದಿರಲಿಲ್ಲ.

"ಏನಮ್ಮಾ ಇಂಜಿನಿಯರ್, ಕಳ್ಳ ಸಿಕ್ಕಿದ್ನಾ?"

"ಅಪ್ಪ, ಮದುವೆ ಮುಗ್ಸಿ ಬಂದ್ಮೇಲೆ ಏನೇನ್ ಮಾಡ್ತೀರಾ, ಒಂದೂ ಬಿಡದೆ ಹೇಳಿ."

ಅಪ್ಪ ಗೇಟಿನಿಂದಲೇ ಹೇಳಿದರು. ಹೂವಿನ ಹಾರ ತೆಗೆಯುತ್ತೇನೆ. ಗುಡಿಸುತ್ತೇನೆ. ನಿಲ್ಲಿಸಿ ಕೀ ಕೊಡುತ್ತೇನೆ. ಆಮೇಲೆ ನಿಮ್ಮ ಮಾವ ಪೂಜೆ ಮಾಡುತ್ತಾನೆ.

"ಯಾವ ಪೂಜೆ?"

"ಕಾರಿನ ದೇವ್ರಿಗೆ ಕಣೇ," ಎಂದ ಮಾವ, ಪೇಪರ್ ಇಳಿಸದೆ. "ಅನ್ನ ಕೊಡೋ ಕಾರು. ಪ್ರತಿ ಮದ್ವೆ ಆದ್ಮೇಲೂ ಒಂದ್ ಮೊಳ ಹೂವು ಮುಡ್ಸಿ, ಊದುಬತ್ತಿ ಹಚ್ಚಿ, ಕೈ ಮುಗಿದು ಬರ್ತೀನಿ. ಅದೂ ತಪ್ಪಾ?"

"ಈಗ ಒಂದ್ಸಲ ಮಾಡಿ ಮಾವ."

"ಈಗ್ಯಾಕೆ?"

"ಹೇಗ್ ಮಾಡ್ತೀರೋ ಹಾಗೇ."

ಅತ್ತೆ ಒಳಗಿನಿಂದ ಕಟ್ಟಿದ ಹೂವು ತಂದುಕೊಟ್ಟರು. ಮಾವ ಚಪ್ಪಲಿ ಬಿಟ್ಟು ಮುಂದಿನ ಸೀಟಿನಲ್ಲಿ ಒಂದು ಮೊಣಕಾಲು ಊರಿ, ಲಿಂಗಕ್ಕೆ ಹೂವು ಸುತ್ತಿದ. ಪೀಠದ ಅಡಿಯ ಅಂಟು ಬಿಸಿಲಿಗೆ ಬಿಟ್ಟುಹೋಗಿತ್ತು. ಲಿಂಗ ಅಲ್ಲಾಡಿತು. ಮಾವ ಅಂಗೈಯಿಂದ ಅದನ್ನು ಗಟ್ಟಿಯಾಗಿ ಕೆಳಕ್ಕೆ ಒತ್ತಿ ಕೂರಿಸಿದ. ಪ್ರತಿ ಸಲವೂ ಹಾಗೆಯೇ ಒತ್ತುತ್ತಿದ್ದನೆಂದು ಕೈ ಹೋದ ರೀತಿಯಲ್ಲೇ ಗೊತ್ತಾಯಿತು.

ಆಮ್ಮೀಟರಿನ ಮುಳ್ಳು ಚಂಗನೆ ಹಾರಿ ಹದಿನೈದು ಆಂಪಿಯರನ್ನು ದಾಟಿತು.

ಬಾನೆಟ್ಟಿನ ಒಳಗೆ, ಎಡಗಡೆಯ ಹೆಡ್‌ಲೈಟಿನ ಹಿಂದೆ ಕಟ್ ಎಂದು ಸದ್ದಾಯಿತು. ಆಮೇಲೆ ಸುಯ್ ಎಂದು ಏನೋ ತಿರುಗತೊಡಗಿತು. ಮುಂದಿನ ಎಡಚಕ್ರದ ಬದಿಯಿಂದ ಬಿಳಿ ಹೊಗೆ, ಡೀಸೆಲ್ ಉರಿಯುವ ವಾಸನೆ. ಕೀ ಮಾವನ ಜೇಬಿನಲ್ಲಿತ್ತು. ಎಂಜಿನ್ ನಿಂತೇ ಇತ್ತು. ಕಾಲುಗಂಟೆಯೊಳಗೆ ಎಂಜಿನ್ನಿಗೆ ಹೋಗುವ ನೀರಿನ ಕೊಳವೆ ಮುಟ್ಟಲಾಗದಷ್ಟು ಬಿಸಿಯಾಯಿತು.

ಅಪ್ಪ ಗೇಟು ದಾಟಿ ಒಳಗೆ ಬಂದರು. ಅವರು ಯಾರ ಮುಖವನ್ನೂ ನೋಡಲಿಲ್ಲ. ಎಂಜಿನ್ನಿನ ಮೇಲೆ ಕೈ ಇಟ್ಟರು, ತೆಗೆಯಲಿಲ್ಲ.

ಡ್ಯಾಶ್‌ಬೋರ್ಡಿನ ತಟ್ಟೆ ಬಿಚ್ಚಿದೆ. ದೀಪಕ್ಕಾಗಿ ತಿರುಚಿದ ಗಂಟಿನ ಟೇಪು ಕರಗಿ ಜಾರಿತ್ತು, ಬೆತ್ತಲೆ ತಾಮ್ರ ಹೊರಗೆ ಚಾಚಿತ್ತು. ಎಲೆಕ್ಟ್ರಿಷಿಯನ್ ಹಲ್ಲು ಹಾಕುವಾಗ ಪಕ್ಕದ ತೆಳ್ಳನೆಯ ವೈರಿನ ಸಿಪ್ಪೆಯೂ ಸೀಳಿತ್ತು. ಪೀಠವನ್ನು ಒತ್ತಿದಾಗ ಗಂಟು ಆ ವೈರಿಗೆ ತಾಗಿ ಸಿಕ್ಕಿಕೊಳ್ಳುತ್ತಿತ್ತು, ಕಾರು ಓಡಿ ಕುಲುಕಿದಾಗ ಬಿಟ್ಟುಕೊಳ್ಳುತ್ತಿತ್ತು. ಎರಡನ್ನೂ ಬಿಡಿಸಿದೆ. ಎರಡು ಮೂರು ನಿಮಿಷ ಉಸಿರೆಳೆದು ಆ ಸದ್ದು ನಿಂತಿತು. ಮುಟ್ಟಿಸಿದೆ, ಶುರುವಾಯಿತು. ಮತ್ತೆ ಬಿಡಿಸಿದೆ.

ಮಧ್ಯಾಹ್ನ ವಿಜಯನಗರದ ಸೈಬರ್ ಸೆಂಟರಿನಲ್ಲಿ ಹುಡುಕಿದಾಗ ಅದು ಏನೆಂದು ತಿಳಿಯಿತು. ಚಳಿದೇಶದ ಕಾರುಗಳಲ್ಲಿ ಎಂಜಿನ್ ಅಲ್ಲದೆ ಇನ್ನೊಂದು ಪುಟ್ಟ ಒಲೆ ಇರುತ್ತದೆ. ರಾತ್ರಿ ಹಿಮ ಬಿದ್ದರೂ ಬೆಳಗ್ಗೆ ಕಾರು ಬೆಚ್ಚಗಿರಲಿ ಎಂದು, ಎಂಜಿನ್ ಓಡದೆಯೇ ಟ್ಯಾಂಕಿನಿಂದ ಡೀಸೆಲ್ ಹೀರಿ ಉರಿಸಿ ನೀರು ಕಾಯಿಸುವ ಹೀಟರ್. ಆ ತೆಳ್ಳನೆಯ ವೈರಿಗೆ ಕರೆಂಟು ತಾಗಿದರೆ ಅದಕ್ಕೆ ‘ಹೊತ್ತಿಕೋ’ ಎಂದು ಅಪ್ಪಣೆ. ಬ್ಯಾಟರಿ ಬಸವಳಿಯುವ ತನಕ ಉರಿಯುತ್ತದೆ. ಬೆಂಗಳೂರಿನಲ್ಲಿ ಅದು ಯಾರಿಗೂ ಬೇಕಿಲ್ಲ, ಅದಿದೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಬ್ಯಾಟರಿ ಸತ್ತದ್ದು, ಬಾನೆಟ್ ಬಿಸಿ, ಸದ್ದು, ಹೊಗೆ, ಡೀಸೆಲ್, ಎಲ್ಲಕ್ಕೂ ಇದೊಂದೇ ಕಾರಣ.

ಸಂಜೆ ಮಾವನಿಗೆ ಇದನ್ನೆಲ್ಲ ಹೇಳಿದೆ. ಅಮ್ಮನೂ ಜೊತೆಗಿದ್ದಳು. ಅಮ್ಮ ಕಾಯುತ್ತಿದ್ದುದು ಒಂದೇ ಮಾತಿಗೆ. ಮಾವ ಶೆಡ್ಡಿನ ಕಡೆ ನೋಡಿದ.

"ಅಂದ್ರೆ, ಶಿವನ್ ಮೇಲೆ ಹಾಕ್ತಾ ಇದೀಯ."

"ವೈರಿನ ಮೇಲೆ ಮಾವ."

"ಆಯ್ತು. ಬ್ಯಾಟರಿ ವಿಷ್ಯ ಒಪ್ಕೊಂಡೆ. ಆದ್ರೆ ಒಂದ್ ಗೆರೆ ಅಂದ್ರೆ ಈ ಕಾರಲ್ಲಿ ಆರು ಲೀಟರ್ ಹತ್ರ. ಒಂದ್ ಅಂಗೈ ಉದ್ದದ ಡಬ್ಬ, ಒಂದ್ ರಾತ್ರೀಲಿ ಆರು ಲೀಟರ್ ಕುಡಿಯತ್ತಾ? ನೀನ್ ಓದಿರೋಳು, ಹೇಳು."

ನನಗೆ ಗೊತ್ತಿರಲಿಲ್ಲ. ಸೈಬರ್ ಸೆಂಟರಿನಲ್ಲಿ ನೋಡಿದ ಪುಟಗಳಲ್ಲಿ ಒಂದೊಂದು ಮಾದರಿಗೆ ಒಂದೊಂದು ಲೆಕ್ಕ ಇತ್ತು, ನಮ್ಮದು ಯಾವ ಮಾದರಿಯೋ ತಿಳಿಯಲಿಲ್ಲ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಅಳೆದು ತೋರಿಸ್ತೀನಿ ಮಾವ. ಟ್ಯಾಂಕ್ ಬಾಯಿಮಟ್ಟ ತುಂಬ್ಸೋಣ, ಒಂದ್ ರಾತ್ರಿ ಉರೀಲಿ. ಬೆಳಗ್ಗೆ ಮತ್ತೆ ಬಾಯಿಮಟ್ಟ ತುಂಬ್ಸಕ್ಕೆ ಎಷ್ಟು ಬೇಕಾಗತ್ತೋ ಅಷ್ಟೇ ಅದು ಕುಡ್ದಿರೋದು."

"ನಾಳೆ ನೋಡೋಣ."

ಮರುದಿನ ಕಾಲೇಜು ಮುಗಿಸಿ, ಲೀಟರಿನ ಗುರುತಿದ್ದ ಕ್ಯಾನ್ ಹಿಡಿದು ಹೋದೆ. ಎಡಗಡೆಯ ಹೆಡ್‌ಲೈಟಿನ ಹಿಂದೆ ನಾಲ್ಕು ಬೋಲ್ಟಿನ ತೂತುಗಳಿದ್ದವು. ಅದೇ ಎಲೆಕ್ಟ್ರಿಷಿಯನ್ ಬೆಳಗ್ಗೆ ಬಂದು ಹೀಟರನ್ನು ಕಿತ್ತು, ಪೈಪು ಮುಚ್ಚಿ, ಶಿವನ ದೀಪಕ್ಕೆ ಬೇರೊಂದು ವೈರಿನಿಂದ ಡೈರೆಕ್ಟ್ ಕೊಟ್ಟು ಹೋಗಿದ್ದ.

"ಬೆಂಕಿ ಹತ್ಕೊಳೋ ಡಬ್ಬ ಮನೆ ಪಕ್ಕ ಇಟ್ಕೊಂಡು ನಿದ್ದೆ ಬರತ್ತೇನೇ?" ಎಂದ ಮಾವ. "ಗುಜರಿಗೆ ಹಾಕ್ಸಿದೆ. ಪೀಡೆ ಹೋಯ್ತು."

"ಮಾವ, ಅಳೀಬೇಕಿತ್ತಲ್ಲ."

"ಬಿಡೇ, ಹಳೇ ವಿಷ್ಯ. ನಾನೇನ್ ಪೊಲೀಸ್ಗೆ ಕೊಟ್ನಾ?"

ಬ್ಯಾಡರಹಳ್ಳಿಯ ಗುಜರಿ ಅಂಗಡಿಯನ್ನು ಹುಡುಕಿಕೊಂಡು ಹೋಗುವಷ್ಟರಲ್ಲಿ ಸಂಜೆ ಆರಾಗಿತ್ತು. ಅಂಗಡಿಯವನು ಒಳ್ಳೆಯವನೇ. ಅಲ್ಯೂಮಿನಿಯಂ ಒಂದು ಗುಡ್ಡೆಯಲ್ಲಿ, ತಾಮ್ರ ಒಂದು ಗುಡ್ಡೆಯಲ್ಲಿ ಇದೆ, ನಿಮ್ಮದು ಯಾವುದೋ ಆರಿಸಿಕೊಳ್ಳಿ ಮೇಡಂ ಎಂದ. ಹೀಟರಿನ ಹೊರಮೈ ಮೂರು ಚೂರಾಗಿತ್ತು. ಅದಕ್ಕೆ ಅಂಟಿದ್ದ ತಗಡಿನ ಚೀಟಿ ಒಂದನ್ನು ಕಿತ್ತು ತಂದೆ. ಅದರ ಮೇಲೆ ಹನ್ನೆರಡು ವೋಲ್ಟ್ ಎಂದು ಓದಲು ಬರುತ್ತದೆ. ಗಂಟೆಗೆ ಎಷ್ಟು ಎಂದು ಬರೆದಿರಬೇಕಾದ ಸಾಲು ತುಕ್ಕಿನಲ್ಲಿ ಹೋಗಿದೆ.

ಅಪ್ಪ ಆ ಕಾರಿನ ಬಳಿಗೆ ಮತ್ತೆ ಹೋಗಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಮಾವ ಅಮ್ಮನ ಮೂಲಕ ಹೇಳಿಕಳಿಸಿದ: "ಸೀಸನ್ ಶುರುವಾಯ್ತು, ಭಾವನ್ನ ಬರಕ್ಕೆ ಹೇಳು. ನಾನು ಮನಸ್ಸಲ್ಲಿ ಏನೂ ಇಟ್ಕೊಂಡಿಲ್ಲ." ಮನಸ್ಸಿನಲ್ಲಿ ಇಟ್ಟುಕೊಳ್ಳದಿರುವ ಹಕ್ಕು ಯಾರದು ಎಂದು ಅಮ್ಮ ಕೇಳಿದಳು. ಅಪ್ಪ ಜ್ಞಾನಭಾರತಿಯ ಕಡೆ ಒಂದು ಶಾಲೆಯ ವ್ಯಾನು ಓಡಿಸಲು ಸೇರಿದರು. ಅದೂ ಡೀಸೆಲ್ ವ್ಯಾನೇ. ಕೈ ತೊಳೆಯುವುದು ಬಿಟ್ಟಿಲ್ಲ.

ನೆಂಟರ ಮನೆಗಳಲ್ಲಿ ಮಾವ ಈಗಲೂ ಈ ಕಥೆ ಹೇಳುತ್ತಾನಂತೆ. ಬಹಳ ನ್ಯಾಯವಾಗಿ ಹೇಳುತ್ತಾನಂತೆ. ಕಾರಿನಲ್ಲಿ ಒಂದು ಹೀಟರ್ ಇತ್ತು, ನಮ್ಮ ಹುಡುಗಿಯೇ ಕಂಡುಹಿಡಿದಳು, ಜಾಣೆ. ಅದು ಒಂದಷ್ಟು ಕುಡಿದಿರಬಹುದು. ಎಲ್ಲವನ್ನೂ ಅದೇ ಕುಡಿಯಿತು ಅಂತ ನಾನು ಹೇಳಲ್ಲಪ್ಪ, ಅದು ಅವರಿಗೆ, ದೇವರಿಗೆ ಗೊತ್ತು. ಕೇಳಿದವರು ತಲೆದೂಗುತ್ತಾರೆ. ಪೂರ್ತಿ ಕಳ್ಳ ಎಂದಿದ್ದರೆ ಯಾರಾದರೂ ಒಬ್ಬರು ಅಪ್ಪನ ಪರ ಮಾತಾಡುತ್ತಿದ್ದರು. ಅರ್ಧಕ್ಕೆ ಯಾರು ಜಗಳವಾಡುತ್ತಾರೆ? ಮರುವರ್ಷದ ಗೌರಿ ಹಬ್ಬಕ್ಕೆ ಮಾವನ ಮನೆಯಿಂದ ಬಾಗಿನ ಬಂತು, ಅಂಗಡಿಯ ಕೆಲಸದವನ ಕೈಯಲ್ಲಿ. ಅಮ್ಮ ಮೊರವನ್ನು ಒಳಗೆ ತೆಗೆದುಕೊಂಡಳು. ತವರಿನದು, ಬೇಡ ಎನ್ನಲಾಗದು. ಬಳೆ ತೊಡಲಿಲ್ಲ.

ಅಪ್ಪನಿಗೆ ಈ ಬರಹದ ವಿಷಯ ಗೊತ್ತಿಲ್ಲ. ಗೊತ್ತಾದರೆ "ಬಿಡಮ್ಮ" ಎನ್ನುತ್ತಾರೆ. ನಾನು ಬಿಡುವುದಿಲ್ಲ. ಆ ಹೀಟರ್ ಕಪ್ಪು ಬಣ್ಣದ್ದು, ಒಂದು ಅಂಗೈಗಿಂತ ಸ್ವಲ್ಪ ಉದ್ದ, ಎಂಜಿನ್ನಿನ ನೀರು ಕಾಯಿಸುವಂಥದ್ದು, ಹನ್ನೆರಡು ವೋಲ್ಟಿನದು, ತೊಂಬತ್ತರ ದಶಕದ ಡೀಸೆಲ್ ಕಾರಿಗೆ ಎಡ ಹೆಡ್‌ಲೈಟಿನ ಹಿಂದೆ ನಾಲ್ಕು ಬೋಲ್ಟಿನಲ್ಲಿ ಕೂರಿಸಿದ್ದು. ಇಂಥದ್ದನ್ನು ಬಿಚ್ಚಿದವರು, ರಿಪೇರಿ ಮಾಡಿದವರು, ಚಳಿದೇಶದಲ್ಲಿ ಬಳಸಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಅದು ಗಂಟೆಗೆ ಎಷ್ಟು ಡೀಸೆಲ್ ಉರಿಸುತ್ತದೆ, ಪೂರ್ತಿ ಚಾರ್ಜ್ ಆದ ಹೊಸ ಬ್ಯಾಟರಿಯಲ್ಲಿ ಎಷ್ಟು ಗಂಟೆ ಉರಿಯುತ್ತದೆ ಎಂಬುದನ್ನು ದಯವಿಟ್ಟು ಪ್ರಕಾಶಕರ ವಿಳಾಸಕ್ಕೆ ಬರೆದು ತಿಳಿಸಿ. ಲೆಕ್ಕ ಆರು ಲೀಟರಿಗೆ ಕಡಿಮೆ ಬಂದರೂ ಮುಚ್ಚಿಡದೆ ಬರೆಯಿರಿ.